ಸತ್ತವರನ್ನು ಐಫೋನಿಗೆ ಕರೆತಂದದ್ದು

ನನಗೆ ದಿನಕ್ಕೆ ನಾಲ್ಕೈದು ಮಂದಿ ಸತ್ತವರು ಫೋನ್ ಮಾಡುತ್ತಾರೆ. ಮಾಡ್ತಾ ಇರ್ತಾರೆ, ನಾನೂ ಎತ್ತುತ್ತಾ ಇರ್ತೇನೆ.

ಮೂಡುಬಿದಿರೆಯಲ್ಲಿ ನನ್ನದೊಂದು ಫ್ಲೆಕ್ಸ್ ಮತ್ತು ಫೋಟೋ ಫ್ರೇಮಿನ ಅಂಗಡಿ ಉಂಟು. ಹುಟ್ಟುಹಬ್ಬಕ್ಕೂ ಮಾಡ್ತೇನೆ, ಕಬಡ್ಡಿಗೂ ಮಾಡ್ತೇನೆ, ಆದರೆ ಅಂಗಡಿ ನಡೆಯುವುದು ಶ್ರದ್ಧಾಂಜಲಿಯಿಂದ. ಯಾರಾದರೂ ತೀರಿಹೋದರೆ ಮನೆಯವರು ಫೋಟೋ ಹಿಡಿದುಕೊಂಡು ಬರುತ್ತಾರೆ. ಬಂದವರು ಮಗನೋ ಅಳಿಯನೋ, ಅವರ ಹೆಸರು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ನಿಲ್ಲುವುದು ಫೋಟೋದಲ್ಲಿ ಇರುವವರ ಹೆಸರು. ಹಾಗಾಗಿ ಬಂದವರ ನಂಬರನ್ನು ಸತ್ತವರ ಹೆಸರಿನಲ್ಲೇ ಸೇವ್ ಮಾಡುತ್ತೇನೆ. ಲೇಟ್ ಬಾಬಣ್ಣ, ಲೇಟ್ ಕಮಲಕ್ಕ, ಹೀಗೆ. ಗುರ್ತಕ್ಕೆ ಅವರ ಫೋಟೋವನ್ನೂ ಹಾಕಿಡುತ್ತೇನೆ. ವರ್ಷ ಕಳೆದು ವರ್ಷಾಂತಿಕಕ್ಕೆ ಅದೇ ಮನೆಯಿಂದ ಫೋನ್ ಬಂದರೆ ಯಾರ ಮನೆ, ಯಾವ ಫೋಟೋ ಎಂದು ಕೂಡಲೇ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಯಾರಿಗಾದರೂ ಗೊತ್ತಿದ್ದರೆ ಬಂದು ಹೇಳಲಿ, ಕೇಳುವ.

ಬಸ್ಸಿನಲ್ಲಿ ಬಾಬಣ್ಣ

ಇದು ಹಳೆಯ ಆಂಡ್ರಾಯ್ಡ್ ಫೋನ್ ಇದ್ದಾಗಿನ ಮಾತು. ಬೆಳ್ತಂಗಡಿಯ ಕಡೆಗೆ ಬಸ್ಸಿನಲ್ಲಿ ಹೊರಟಿದ್ದೆ. ತೊಡೆಯ ಮೇಲೆ ಒಂದು ಚೀಲ, ಅದರಲ್ಲಿ ಪೇಪರು ಸುತ್ತಿದ ಮೂರು ಫ್ರೇಮು. ಪಕ್ಕದ ಸೀಟಿನಲ್ಲಿ ಶಿರ್ತಾಡಿಯ ಒಬ್ಬ ಹಿರಿಯರು. ಫೋನ್ ಹೊಡೆಯಿತು. ಅವರು ಇಣುಕಿ ನೋಡಿದರು. 'ಲೇಟ್ ಬಾಬಣ್ಣ ಶಿರ್ತಾಡಿ' ಎಂದು ಬರೆದಿತ್ತು. ಬಾಬಣ್ಣನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಹೋಗಿ ಬಂದವರಂತೆ ಅವರು, ಅದು ನನಗೆ ಆಮೇಲೆ ಗೊತ್ತಾದದ್ದು.

ನಾನು ಫೋನಿನಲ್ಲಿ ಹೇಳಿದ್ದು ಇಷ್ಟೇ. "ನೀವು ಇಷ್ಟು ದೂರ ಬರುವುದು ಬೇಡ ಮಾರಾಯ್ರೆ, ನಾನೇ ಅಲ್ಲಿಗೆ ಬರ್ತೇನೆ. ಈಗ ನನ್ನ ಒಟ್ಟಿಗೆ ಮೂರು ಜನ ಇದ್ದಾರೆ, ಮೊದಲು ಅವರನ್ನು ಮುಟ್ಟಿಸ್ಬೇಕು."

ಹಿರಿಯರು ಬಸ್ಸಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ನೋಡಿದರು. ಎಣಿಸುತ್ತಿದ್ದರು ಎಂದು ನನಗೆ ಅನಿಸಿತು. ಆಮೇಲೆ ಎದ್ದು ಬಾಗಿಲ ಹತ್ತಿರ ಹೋದರು. ಕಂಡಕ್ಟರ್ "ನಿಮ್ಮ ಟಿಕೆಟ್ ಗುರುವಾಯನಕೆರೆಗೆ ಅಲ್ವಾ, ಇನ್ನೂ ದೂರ ಉಂಟು" ಎಂದ. ಅವರು "ಇರ್ಲಿ, ನನಗೆ ಇಷ್ಟು ಬೇಗ ಅಲ್ಲಿಗೆ ಮುಟ್ಟುವುದು ಬೇಡ" ಎಂದು ಇಳಿದೇಬಿಟ್ಟರು.

ಗುರ್ತದವರು

ನನ್ನ ಹೆಂಡತಿಗೆ ಆ ಫೋನ್ ಕಂಡರೆ ಆಗುತ್ತಿರಲಿಲ್ಲ. ಮುಟ್ಟುತ್ತಲೇ ಇರಲಿಲ್ಲ. ಒಂದು ಬೆಳಿಗ್ಗೆ ನೀರ್‌ದೋಸೆ ತಿನ್ನುವಾಗ ಅದು ತನ್ನಷ್ಟಕ್ಕೆ ಬೆಳಗಿ, ಗ್ಯಾಲರಿಯ ಫೋಟೋಗಳನ್ನು ಸೇರಿಸಿ ಒಂದು ವಿಡಿಯೋ ಮಾಡಿದ್ದೇನೆ, ನೋಡಿ ಎಂದಿತು. ಮೇಲೆ 'ನಿಮ್ಮ ಆಪ್ತರು' ಎಂಬ ಹೆಸರು, ಮದುವೆಮನೆಯ ಹಾಗೆ ಸಂಗೀತ. ನಾನು ಎಡಗೈಯಲ್ಲಿ ಒತ್ತಿದೆ. ಒಂದೊಂದೇ ಮುಖ ಬಂತು, ನಕ್ಕಿತು, ಕರಗಿತು. ಬಾಬಣ್ಣ ಬಂದರು. ಕಮಲಕ್ಕ ಬಂದರು. ಒಬ್ಬರೂ ಜೀವಂತ ಇದ್ದವರಲ್ಲ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ನನ್ನ ಮುಖ ಬಂತು.

ಸುಳ್ಳು ಯಾಕೆ ಹೇಳಲಿ, ನಾನು ಕೂಡಲೇ ಫೋನನ್ನು ಕವುಚಿ ಇಟ್ಟೆ. ಹೆಂಡತಿ ದೋಸೆಯ ಸಟ್ಟುಗ ಕೆಳಗಿಟ್ಟು ಕೇಳಿದಳು, "ನಿಮಗೆ ಬದುಕಿದ್ದವರ ಗುರ್ತವೇ ಇಲ್ವಾ ಮಾರಾಯ್ರೆ?"

ಆಮೇಲೆ ಖಡಾಖಂಡಿತ ಹೇಳಿದಳು. "ಈ ಫೋನ್ ಇನ್ನು ಈ ಮನೆಯಲ್ಲಿ ಬೇಡ. ಮಸ್ಕತ್ತಿನಿಂದ ಅಣ್ಣ ಐಫೋನ್ ತರ್ತಾನೆ. ಅದಕ್ಕೆ ಬದುಕಿದ್ದವರನ್ನು ಮಾತ್ರ ಹಾಕಿಕೊಳ್ಳಿ. ಇಲ್ಲದಿದ್ರೆ ನಾನು ವಿಟ್ಲಕ್ಕೆ ಅಮ್ಮನ ಮನೆಗೆ ಹೋಗ್ತೇನೆ." ಅವಳು ಹೇಳಿದರೆ ಹೋಗುವವಳೇ. ಅತ್ತ ನನ್ನ ಹೊಟ್ಟೆಪಾಡು ಇರುವುದೇ ಆ ಲೇಟುಗಳಲ್ಲಿ.

ತೂಗಿ ನೋಡಿದ್ದು

ಬಾವ ಫೋನ್ ತಂದುಕೊಟ್ಟ. ನಾನು ಎರಡೂ ಫೋನ್ ಹಿಡಿದುಕೊಂಡು ಗುರುವಾಯನಕೆರೆಯಲ್ಲಿ ಮೊಬೈಲ್ ಅಂಗಡಿ ಇರುವ ಗೆಳೆಯನಲ್ಲಿಗೆ ಹೋದೆ. ಅವನು ಡಾಕ್ಟರ್ ಹಾಗೆ ಎರಡನ್ನೂ ಮಗುಚಿ ನೋಡಿದ.

"ನೋಡು ಮಾರಾಯ, ಐಫೋನಿನ ಕ್ಯಾಮರಾ ಒಳ್ಳೇದು. ಮಸುಕಾದ ಹಳೆ ಫೋಟೋದ ಫೋಟೋ ತೆಗೆದ್ರೂ ಮುಖ ಸರಿ ಬರ್ತದೆ. ತುಂಬ ವರ್ಷ ಬಾಳ್ತದೆ. ಆದ್ರೆ ಅದರಲ್ಲಿ ತೆಗೆದ ಫೋಟೋ ನಿನ್ನ ಅಂಗಡಿಯ ಹಳೆ ಕಂಪ್ಯೂಟರಿನಲ್ಲಿ ಹಾಗೇ ತೆರೆಯುವುದಿಲ್ಲ, ಬದಲಿಸ್ಬೇಕು. ಆಂಡ್ರಾಯ್ಡಿನಲ್ಲಿ ವಯರು ಸಿಕ್ಕಿಸಿದ್ರೆ ಆಯ್ತು, ಫೋಲ್ಡರಿನಿಂದ ಎಳೆದುಕೊಳ್ಬಹುದು. ಮತ್ತೆ ನೀನು ಗಿರಾಕಿಗಳ ಮಾತು ಗುಟ್ಟಿನಲ್ಲಿ ರೆಕಾರ್ಡ್ ಮಾಡ್ತಿ ಅಲ್ವಾ?"

"ಗುಟ್ಟು ಎಂತದು? ಹೆಸರಿನ ಕಾಗುಣಿತ ತಪ್ಪಬಾರದು ಅಂತ."

"ಐಫೋನು ರೆಕಾರ್ಡ್ ಮಾಡುವ ಮೊದಲು ಇಬ್ಬರಿಗೂ ಕೇಳುವ ಹಾಗೆ ಹೇಳಿಬಿಡ್ತದೆ."

ಸತ್ತವರ ಮನೆಯವರೊಂದಿಗೆ ಮಾತಾಡುವಾಗ ಒಬ್ಬಳು ಇಂಗ್ಲಿಷ್ ಹೆಂಗಸು ನಡುವೆ ಬಾಯಿ ಹಾಕುವುದೆಂದರೆ ಏನು ಚಂದ! ಆದರೆ ಕ್ಯಾಮರಾ ನನ್ನನ್ನು ಸೆಳೆಯಿತು. ಹೆಂಡತಿಯ ಹೆದರಿಕೆ ಅದಕ್ಕಿಂತ ಜಾಸ್ತಿ ಸೆಳೆಯಿತು.

"ಆಯ್ತು. ಬದಲಿಸು" ಎಂದೆ.

"ಹೆಸರುಗಳು? ಬದುಕಿದ್ದವರು ಮಾತ್ರ ಸಾಕಾ?"

ಲೆಕ್ಕ ಹಾಕಿದರೆ ಬದುಕಿದ್ದವರು ಹದಿನಾಲ್ಕು ಮಂದಿ, ಅದರಲ್ಲಿ ಒಂದು ಗ್ಯಾಸಿನವರದ್ದು. ಹೆಂಡತಿಗೆ ಗೊತ್ತಾಗುವುದಿಲ್ಲ ಎಂಬ ಧೈರ್ಯದಲ್ಲಿ "ಎಲ್ಲರನ್ನೂ ತಾ" ಎಂದುಬಿಟ್ಟೆ.

ಎಷ್ಟು ಹೆಸರು ದಾಟಿತು ಎಂದು ತೋರಿಸುವ ಗೆರೆ ಪರದೆಯಲ್ಲಿ ಮುಂದೆ ಹೋಯಿತು, ತುದಿಯಲ್ಲಿ ನಿಂತಿತು. ಒಂದು ಹೆಸರು ಮಾತ್ರ ಬರಲೊಲ್ಲದು. ಗೆಳೆಯ ಮೂರು ಸಲ ಪ್ರಯತ್ನಿಸಿದ, ಮೂರು ಸಲವೂ ಅದೇ ಹೆಸರು. ಅವನು ಫೋನನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದ. "ಯಾರು ಮಾರಾಯ ಇವರು? ನನಗೆ ಯಾಕೋ ಮೈ ಜುಂ ಅಂತದೆ."

ನೋಡಿದೆ. ನಮ್ಮ ಬೀದಿಯವರೇ, ರಿಟೈರ್ ಆದ ಹೆಡ್ ಕ್ಲರ್ಕ್. "ಅವರ ಅರ್ಜಿ ಸರಿಯಾಗಿ ತುಂಬಿಲ್ಲ ಅಂತ ಕಾಣ್ತದೆ" ಎಂದೆ. ನಿಜಕ್ಕೂ ನಂಬರಿನಲ್ಲಿ ಒಂದು ಅಂಕೆ ಬಿಟ್ಟುಹೋಗಿತ್ತು.

ಮುಚ್ಚಿದ ಬಾಗಿಲು

ಗೆಳೆಯ ಹೊಸ ಫೋನಿನಲ್ಲಿ ಎರಡು ಉಪಕಾರ ಮಾಡಿಟ್ಟಿದ್ದ, ನನಗೆ ಹೇಳಿರಲಿಲ್ಲ. ಆಂಡ್ರಾಯ್ಡಿನಲ್ಲಿ ಅಂಗಿಯ ಗುಂಡಿಯಷ್ಟಿದ್ದ ಮುಖ ಇಲ್ಲಿ ಇಡೀ ಪರದೆ ತುಂಬುವ ಹಾಗೆ ಮಾಡಿದ್ದ. ಮತ್ತೆ ಯಾರು ಫೋನ್ ಮಾಡಿದರೂ ಅವರ ಹೆಸರನ್ನು ಫೋನು ಗಟ್ಟಿಯಾಗಿ ಹೇಳುತ್ತಿತ್ತು.

ಬಂಟ್ವಾಳದ ಕಡೆಯ ಒಂದು ಮನೆಯಲ್ಲಿ ಸಂಜೀವಣ್ಣ ಎಂಬವರ ಬೊಜ್ಜ. ನಮ್ಮಲ್ಲಿ ಆ ದಿನ ಸತ್ತವರಿಗೆ ಒಳಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಮಾತಿಲ್ಲದೆ ನಿಲ್ಲುವ ಕ್ರಮ ಉಂಟು. ಅವರು ಬಂದು ಉಣ್ಣುತ್ತಾರೆ ಎಂದು. ನಾನು ಫ್ರೇಮು ತಂದು ಎಲೆಯ ಹಿಂದೆ ಒರಗಿಸಿ ಇಟ್ಟೆ. ಇಡುವಾಗ ಎರಡು ಕೈಯೂ ಬೇಕಾಯಿತು, ಫೋನನ್ನು ಫ್ರೇಮಿನ ಹಿಂದೆ ಇಟ್ಟವ ಅಲ್ಲೇ ಮರೆತೆ. ಬಾಗಿಲು ಮುಚ್ಚಿದರು. ನಾನು ಕೈ ತೊಳೆಯಲು ಹಿತ್ತಿಲಿಗೆ ಹೋದೆ.

ಜಗಲಿಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಸಂಜೀವಣ್ಣನ ಮಗನಿಗೆ ಫೋಟೋದವ ಎಲ್ಲಿ ಹೋದ ಎಂದು ಸಂಶಯ ಬಂದು, ಮೆಲ್ಲಗೆ ನನ್ನ ನಂಬರು ಒತ್ತಿದ. ಮುಚ್ಚಿದ ಕೋಣೆಯೊಳಗಿಂದ ಒಂದು ಹೆಂಗಸಿನ ಸ್ವರ, ಅವಸರವಿಲ್ಲದೆ, "ಲೇಟ್... ಸಂಜೀವಣ್ಣ" ಎಂದಿತು.

ಮಗನ ಕೈಯಿಂದ ಫೋನ್ ಬಿತ್ತು. ಒಳಗಿನಿಂದ ಮತ್ತೆ "ಲೇಟ್... ಸಂಜೀವಣ್ಣ." ನಾನು ಹಿತ್ತಿಲಿನಿಂದ ಓಡಿ ಬರುವಷ್ಟರಲ್ಲಿ ಹೆಂಗಸರು ಅಂಗಳಕ್ಕೆ ಇಳಿದಾಗಿತ್ತು. ಸಂಜೀವಣ್ಣನ ದೊಡ್ಡಪ್ಪ ಒಬ್ಬರೇ ಕುರ್ಚಿಯಿಂದ ಏಳಲಿಲ್ಲ. ಬಾಗಿಲ ಕಡೆ ಮುಖ ಮಾಡಿ, ಕೂಗಿ ಹೇಳಿದರು, "ಲೇಟಾದ್ರೆ ತೊಂದರೆ ಇಲ್ಲ, ಬಡಿಸಿ ಆಗಿದೆ, ಬರ್ಲಿಕ್ಕೆ ಹೇಳು."

ಮಾವ

ಈ ಸುದ್ದಿ ನನಗಿಂತ ಮೊದಲು ಮನೆಗೆ ಮುಟ್ಟಿತ್ತು. ಹೆಂಡತಿ ಚೀಲ ತುಂಬುತ್ತಿದ್ದಳು. "ಫೋನ್ ಬದಲಾಯ್ತು, ನೀವು ಬದಲಾಗ್ಲಿಲ್ಲ. ಆದಿತ್ಯವಾರದ ಒಳಗೆ ಅವರನ್ನೆಲ್ಲ ಅಳಿಸಿ. ಒಬ್ಬರು ಉಳಿದ್ರೂ ನಾನು ಇಲ್ಲಿ ಇರುವುದಿಲ್ಲ."

ಆದಿತ್ಯವಾರ ಕೂತೆ. ಮೂರು ಜನರನ್ನು ಅಳಿಸಿದೆ. ಅಳಿಸುವಾಗ ಫೋನು "ಖಂಡಿತವಾ?" ಎಂದು ಕೇಳುತ್ತದಲ್ಲ, ಅಲ್ಲಿ ನನ್ನ ಬೆರಳು ಓಡಲಿಲ್ಲ. ಒಮ್ಮೆ ಸತ್ತವರನ್ನು ನಾನು ಮತ್ತೊಮ್ಮೆ ಕೊಲ್ಲುವುದೇಕೆ? ಬೇಜಾರಾಗಿ ಫೋನನ್ನು ಎಲ್ಲೋ ಇಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಫೋನ್ ಇಲ್ಲ.

"ಇರಿ, ನಾನು ರಿಂಗ್ ಕೊಡ್ತೇನೆ" ಎಂದು ಹೆಂಡತಿ ತನ್ನ ಮೊಬೈಲು ತೆಗೆದಳು. ಒಗೆದ ಬಟ್ಟೆಯ ರಾಶಿಯೊಳಗಿಂದ ಆ ಇಂಗ್ಲಿಷ್ ಹೆಂಗಸು "ಲೇಟ್... ಕೃಷ್ಣಣ್ಣ... ವಿಟ್ಲ" ಎಂದಳು.

ಹೆಂಡತಿ ಬಟ್ಟೆ ಸರಿಸಿದಳು. ಪರದೆ ತುಂಬ ಅವಳ ಅಪ್ಪ, ಮುಂದಿನ ಹಲ್ಲೊಂದು ಇಲ್ಲದ ಬಾಯಿ ಅಗಲಿಸಿ ನಗುತ್ತಿದ್ದರು.

ಅವರು ತೀರಿಹೋದಾಗ ನಾನು ವಿಟ್ಲದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಎರಡು ಫೋಟೋ ಹಿಡಿದುಕೊಂಡು ಒಬ್ಬಳು ಹುಡುಗಿ ಅಪ್ಪನ ಶ್ರದ್ಧಾಂಜಲಿಗೆ ಬಂದಿದ್ದಳು. ಅವಳ ನಂಬರನ್ನು ನನ್ನ ಕ್ರಮದಂತೆ ಸೇವ್ ಮಾಡಿದೆ. ಸತ್ತವರ ಫೋಟೋದಲ್ಲಿ ಹಲ್ಲು ಕಾಣಬಾರದೆಂದು ಅವಳ ಮನೆಯ ಹಿರಿಯರು ಗಂಭೀರದ್ದನ್ನು ಆರಿಸಿದರು, ನಗುವಿನದ್ದು ನನ್ನ ಫೋನಿನಲ್ಲಿ ಉಳಿಯಿತು. ಆಮೇಲೆ ಅವಳನ್ನೇ ಮದುವೆಯಾದೆ. ಹೆಸರು ಬದಲಿಸಲು ಮರೆತೆ ಎನ್ನುವುದು ಅರ್ಧ ಸತ್ಯ. ಅವಳು ಬಂದದ್ದು ಅವರಿಂದಲೇ ಅಲ್ಲವಾ ಎಂದು ಬಿಟ್ಟಿದ್ದೆ.

ರಿಂಗು ನಿಂತಿತು. ಅವಳು ಇನ್ನೊಮ್ಮೆ ರಿಂಗ್ ಕೊಟ್ಟಳು. ಅಪ್ಪ ಮತ್ತೆ ಬಂದರು. ಮೂರನೆಯ ಸಲಕ್ಕೆ ನೆಲದ ಮೇಲೆ ಕೂತಳು, ಅತ್ತಳು, ಅಳುತ್ತಲೇ ಕೇಳಿದಳು. "ಎಷ್ಟು ಜನರನ್ನು ಅಳಿಸಿದ್ರಿ?"

"ಮೂರು."

"ಸಾಕು. ಉಳಿದವರು ಇರ್ಲಿ."

ಈಗ ಮಾವ ನನಗೆ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಾರೆ. ಅರ್ಧಕ್ಕರ್ಧ ಕಾರಣವೇ ಇರುವುದಿಲ್ಲ. ಮೊನ್ನೆ ಅಂಗಡಿಯಲ್ಲಿ ಒಬ್ಬರು ಅಜ್ಜಿ ಗಂಡನ ಫೋಟೋ ಕೊಟ್ಟು ಎದುರಿಗೆ ಕೂತಿದ್ದರು. ಹನ್ನೆರಡು ದಿನದ ದುಃಖ, ಮಾತು ಕಡಿಮೆ. ನನ್ನ ಫೋನು "ಲೇಟ್ ಕೃಷ್ಣಣ್ಣ" ಎಂದಿತು, ಮೇಜಿನ ಮೇಲೆ ಮಾವ ನಕ್ಕರು. ನಾನು ಎತ್ತಿದೆ. "ಆಯ್ತು, ಎರಡು ಕಟ್ಟು ಬಸಳೆ ಅಲ್ವಾ? ತರ್ತೇನೆ."

ಅಜ್ಜಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಗಂಡನ ಫೋಟೋದ ಧೂಳನ್ನು ಸೆರಗಿನಿಂದ ಒರಸುತ್ತಾ ಸಣ್ಣ ಸ್ವರದಲ್ಲಿ ಕೇಳಿದರು, "ಅಲ್ಲಿ ಬಸಳೆ ಸಿಗುವುದಿಲ್ಲವಾ? ಹಾಗಾದ್ರೆ ನಮ್ಮವರಿಗೂ ಒಂದು ಕಟ್ಟು ಕಳಿಸಿಬಿಡಿ."