ಹೋಳಿಗೆ ತಿಂದ ಕೌದಿ

ಮದುವೆಯಾದ ಗಂಡಸು ಕೆಲವು ವರ್ಷಗಳಲ್ಲಿ ಬೆಚ್ಚಿಬೀಳುವುದನ್ನೇ ಬಿಟ್ಟುಬಿಡುತ್ತಾನೆ ಎಂದು ನಮ್ಮ ಆಫೀಸಿನ ಹಿರಿಯರೊಬ್ಬರು ಹೇಳುತ್ತಿದ್ದರು. ಬೆಚ್ಚಿ ಬೆಚ್ಚಿ ಆ ನರವೇ ಸವೆದುಹೋಗುತ್ತದಂತೆ. ನನ್ನ ನರ ಎಂಥ ಗಟ್ಟಿ ಮಾಲಿನದೋ ಕಾಣೆ, ಇವತ್ತಿಗೂ ಸವೆದಿಲ್ಲ. ಹೆಂಡತಿಯ ಕೈಯಲ್ಲಿ ಸೂಜಿ ಕಂಡರೆ ಈಗಲೂ ಬೆಚ್ಚಿ ಮೈಮೇಲಿನ ಬಟ್ಟೆಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ. ಇದಕ್ಕೆ ಕಾರಣ ಅರವತ್ತರ ದಶಕದಲ್ಲಿ ಗುಜರಾತಿನ ಬಡೋದೆಯ ನಮ್ಮ ಬಾಡಿಗೆ ಮನೆಯ ವರಾಂಡದಲ್ಲಿ ಹುಟ್ಟಿ ಬೆಳೆದ ಕೌದಿ ಕ್ಲಬ್ಬು.

ಮೊದಲು ಆ ಮನೆಯ ವಿಚಾರ ಹೇಳಬೇಕು. ವಿಮಾ ಕಚೇರಿಯವರು ನನ್ನನ್ನು ಮೈಸೂರಿನಿಂದ ಎತ್ತಿ ಅಲ್ಲಿಗೆ ಹಾಕಿದಾಗ, ಮನೆ ಹುಡುಕುವುದೇ ನನ್ನ ನಿಜವಾದ ಉದ್ಯೋಗವಾಯಿತು. ಹೋದಲ್ಲೆಲ್ಲ ಪರೀಕ್ಷೆ. ಮೊಟ್ಟೆ ತಿನ್ನುತ್ತೀರಾ? ಇಲ್ಲ. ಈರುಳ್ಳಿ? ಇಲ್ಲ ಎಂದು ಹೇಳುವಾಗ ಮಾತ್ರ ಬೇರೆ ಕಡೆ ನೋಡುತ್ತಿದ್ದೆ. ಕೊನೆಗೆ ಅಲ್ಕಾಪುರಿಯಲ್ಲಿ ಕಾಂತಿಭಾಯಿ ಎಂಬ ಜೈನ ವ್ಯಾಪಾರಿ ತಮ್ಮ ಮನೆಯ ಮಹಡಿಯನ್ನು ಕೊಟ್ಟರು. ಕೊಟ್ಟರು ಎನ್ನುವುದಕ್ಕಿಂತ, ಅವರ ತಾಯಿ ಮೋಟಿಬಾ ನನ್ನ ಹೆಂಡತಿಯ ಮುಖ ನೋಡಿ ತಲೆಯಾಡಿಸಿದರು ಎನ್ನುವುದು ಸರಿ. ಆ ಮನೆಯಲ್ಲಿ ಕಾನೂನು, ಕೋರ್ಟು, ಮೇಲ್ಮನವಿ ಎಲ್ಲವೂ ಮೋಟಿಬಾ. ಬಿಳಿ ಸೀರೆ, ಬೆಳ್ಳಿ ಕೂದಲು, ನಡೆಯುವಾಗ ನೆಲ ನೋಡಿಕೊಂಡೇ ಹೆಜ್ಜೆ ಇಡುವ ಪದ್ಧತಿ, ಏಕೆಂದರೆ ಕಾಲಡಿಗೆ ಯಾವ ಜೀವವೂ ಸಿಗಬಾರದು. ಅವರೊಮ್ಮೆ ತಲೆಯಾಡಿಸುವುದನ್ನು ನಿಲ್ಲಿಸಿದರೆ ನಮ್ಮ ಪಾತ್ರೆಪಗಡ ಬೀದಿಗೆ ಬಂತೆಂದೇ ಲೆಕ್ಕ.

ನನ್ನ ಹೆಂಡತಿ ಸರೋಜಾ ಧಾರವಾಡದವಳು. ನಾನು ಮೈಸೂರಿನವನು. ಮದುವೆಯಲ್ಲಿ ಅವಳ ಜೊತೆ ಬಂದ ಕೌದಿಯನ್ನು ಕಂಡೇ ನನಗೆ ಮೊದಲ ಆಘಾತವಾಗಿದ್ದು. ಅತ್ತೆಯ, ಅತ್ತೆಯ ಅತ್ತೆಯ, ಇನ್ನೂ ಯಾರಾರದೋ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಆ ಭಾರದ ಹೊದಿಕೆಯಡಿ ಮಲಗಿದರೆ ಹೆಂಡತಿಯ ಇಡೀ ಬಳಗ ಎದೆಯ ಮೇಲೆ ಕೂತ ಹಾಗಿತ್ತು. ಆದರೆ ಬೆಚ್ಚಗಿತ್ತು, ಸುಳ್ಳು ಹೇಳಬಾರದು. ಬಡೋದೆಯಲ್ಲಿ ಮಾತಿಗೆ ಜನವಿಲ್ಲದೆ ಸರೋಜಾ ಒಂದು ಮಧ್ಯಾಹ್ನ ಸೂಜಿ ಹಿಡಿದು ಕೂತಳು. ರೈಲ್ವೆಯವರ ಹೆಂಡತಿ ಇಂದಿರಾಬಾಯಿ, ಬಿಜಾಪುರದ ಕಡೆಯವರು, ಅದನ್ನು ನೋಡಿ ತಾವೂ ಒಂದು ಅಂಚು ಹಿಡಿದರು. ಮರುವಾರ ಬ್ಯಾಂಕಿನವರ ಹೆಂಡತಿ ಪದ್ಮಾ ಬಂದಳು. ಮಂಗಳೂರಿನ ಹುಡುಗಿ, ಕರವಸ್ತ್ರದ ಮೇಲೆ ಗುಲಾಬಿ ಕಸೂತಿ ಮಾಡುವುದು ಬಿಟ್ಟರೆ ಬೇರೆ ಹೊಲಿಗೆ ಅರಿಯಳು. ಇವರ ನಡುವೆ ಅವಳ ಗುಲಾಬಿ ಬಾಡಿಹೋಯಿತು. ತಮಾಷೆಗೆ ನಾನೇ 'ಕೌದಿ ಕ್ಲಬ್' ಎಂದು ಹೆಸರಿಟ್ಟೆ, ಅದೇ ಉಳಿಯಿತು.

ಕೌದಿಗೆ ಹೊಸ ಬಟ್ಟೆ ಆಗದು. ಉಟ್ಟು, ಒಗೆದು, ಮೆತ್ತಗಾಗಿರಬೇಕು. ಮೂವರ ಹಳೆಯ ಸೀರೆಗಳು ಎಷ್ಟು ದಿನ ಬಂದಾವು? ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ನಮ್ಮ ಬಾಗಿಲಲ್ಲಿ ಕೂಗಿ ಕೂಗಿ, ಈ ಮನೆಯಲ್ಲಿ ಏನೂ ಗಿಟ್ಟುವುದಿಲ್ಲವೆಂದು ಬರುವುದನ್ನೇ ಬಿಟ್ಟಳು. ಆಮೇಲೆ ಕ್ಲಬ್ಬಿನ ಕಣ್ಣು ಗಂಡಸರ ಬಟ್ಟೆಯ ಮೇಲೆ ಬಿತ್ತು. ಒಂದು ಭಾನುವಾರ ಇಂದಿರಾಬಾಯಿಯವರ ರೈಲ್ವೆ ಕ್ವಾರ್ಟರ್ಸಿಗೆ ಚಹಾಕ್ಕೆ ಹೋದೆವು. ಅವರ ಮಂಚದ ಮೇಲೆ ನನ್ನ ನೀಲಿ ಗೆರೆಯ ಶರ್ಟು ಅಂಗಾತ ಬಿದ್ದಿತ್ತು, ಕೌದಿಯ ನಟ್ಟನಡುವೆ, ಜೇಬಿನ ಸಮೇತ. ಅವರ ಯಜಮಾನರು ನನ್ನೊಡನೆ ಮಾತಾಡುತ್ತಲೇ ಕನ್ನಡಕ ತೆಗೆದು ಆ ಜೇಬಿಗೆ ಇಳಿಬಿಟ್ಟರು. ನನಗೆ ಚಹಾ ನೆತ್ತಿಗೇರಿತು.

"ಆ ಅಂಗಿ ಇನ್ನೂ ಚೆನ್ನಾಗಿತ್ತಲ್ಲೇ," ಎಂದೆ ದಾರಿಯಲ್ಲಿ.

"ಅದಕ್ಕs ತಗೊಂಡೀವಿ. ಹರದದ್ದು ಕೌದಿಗೆ ತಾಳೂದಿಲ್ರೀ," ಎಂದಳು ಸರೋಜಾ.

ಅಂದಿನಿಂದ ನಾನು ಆಫೀಸಿಗೆ ಹೋಗುವ ಪ್ಯಾಂಟುಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕತೊಡಗಿದೆ.

ಮೋಟಿಬಾ ಕ್ಲಬ್ಬಿಗೆ ಸೇರಿದ್ದು ತಾವಾಗಿಯೇ. ಮೆಟ್ಟಿಲು ಹತ್ತಿ ಬಂದು, "ಇದು ನಮ್ಮ ಗೋದಡಿಯೇ," ಎಂದು ತಮ್ಮ ಗುಜರಾತಿಯಲ್ಲಿ ತೀರ್ಪು ಕೊಟ್ಟು, ಕೂತು ಹೊಲಿಯತೊಡಗಿದರು. ಭಾಷೆ ಒಂದೂ ಹೊಂದದಿದ್ದರೂ ನಾಲ್ವರೂ ಏನು ಮಾತಾಡುತ್ತಿದ್ದರೋ, ನಗು ಮಾತ್ರ ಬೀದಿಗೆ ಕೇಳುತ್ತಿತ್ತು. ಮಳೆಗಾಲ ಬಂದಾಗ ಮೋಟಿಬಾಗೆ ಕೀಲುನೋವು. ಅವರಿಗೊಂದು ಕೌದಿ ಹೊಲಿದು ಕೊಡಬೇಕೆಂದು ಕ್ಲಬ್ಬು ಅವರಿಗೆ ಗೊತ್ತಾಗದಂತೆ ನಿಶ್ಚಯಿಸಿತು. ನನಗೂ ಸಂತೋಷವೇ. ಮನೆಯೊಡತಿ ಬೆಚ್ಚಗಿದ್ದರೆ ಬಾಡಿಗೆದಾರನೂ ಬೆಚ್ಚಗಿರುತ್ತಾನೆ.

ಶ್ರಾವಣದ ಕೊನೆಯ ಶುಕ್ರವಾರ ಕೌದಿ ಮುಗಿಯುವ ಹಂತಕ್ಕೆ ಬಂತು. ಒಂದು ಕಡೆ ಅಂಗೈಯಗಲ ಹೊಲಿಯದೆ ಬಾಯಿ ಬಿಟ್ಟಿದ್ದರು. ನಾನು ನೋಡುತ್ತಿದ್ದಂತೆಯೇ ಸರೋಜಾ ಹಬ್ಬದ ಹೋಳಿಗೆಯ ಒಂದು ದೊಡ್ಡ ತುಂಡನ್ನು, ತುಪ್ಪ ಹಚ್ಚಿ, ಒಳಗಿಟ್ಟು ಹೊಲಿದುಬಿಟ್ಟಳು. ನಾನು ಹೌಹಾರಿದೆ.

"ಏನೇ ಇದು, ಹಾಸಿಗೆಯೊಳಗೆ ಬೆಲ್ಲ?"

"ಕೌದಿ ಹೊಟ್ಟಿ ತುಂಬಸಬೇಕ್ರೀ. ಹಸದ ಕೌದಿ ಹೊದ್ದವ್ರಿಗೆ ಛಲೋ ಆಗೂದಿಲ್ಲ. ನಮ್ಮವ್ವ ಒಣಾ ರೊಟ್ಟಿ ಚೂರು ಇಡ್ತಿದ್ಲು."

"ಮತ್ತೆ ಒಣರೊಟ್ಟಿಯನ್ನೇ ಇಡಬೇಕಿತ್ತು."

"ಮೋಟಿಬಾಗ ಒಣಾ ರೊಟ್ಟಿ ಇಡಲಿಕ್ಕಾಗ್ತದೇನ್ರೀ?" ಎಂದು ಇಂದಿರಾಬಾಯಿ ನನ್ನನ್ನೇ ಗದರಿದರು. "ದೊಡ್ಡವ್ರಿಗೆ ದೊಡ್ಡದs ಇಡಬೇಕು."

ಸಂಜೆ ಕೌದಿ ಕೆಳಗೆ ಹೋಯಿತು. ಮರುದಿನ ಬೆಳಿಗ್ಗೆ ಕಾಂತಿಭಾಯಿ ಮಹಡಿಗೆ ಬಂದರು. ಅವರು ಮಹಡಿಗೆ ಬಂದದ್ದು ಅದೇ ಮೊದಲು. "ಸಾಹೇಬ್, ಮೋಟಿಬಾ ಕರೆಯುತ್ತಿದ್ದಾರೆ," ಎಂದರು. ಮುಖದಲ್ಲಿ ನಗುವಿರಲಿಲ್ಲ.

ಕೆಳಗೆ ಹೋಗಿ ನೋಡಿದೆ. ಮಂಚದ ಕಾಲಿನಿಂದ ಕೌದಿಯ ಹೊಟ್ಟೆಯವರೆಗೆ ಇರುವೆಗಳ ಸಾಲು. ಸಾಲಲ್ಲ, ಜಾತ್ರೆ. ಕೌದಿಯ ಮೇಲೆ ಬಣ್ಣ ಕಾಣದಷ್ಟು ಇರುವೆ. ಅದು ಪರ್ಯೂಷಣ, ಜೈನರ ಉಪವಾಸ, ಅಹಿಂಸೆಯ ವ್ರತದ ಕಾಲ. ಉಳಿದ ದಿನಗಳಲ್ಲೇ ಇರುವೆಗೆ ದಾರಿ ಬಿಡುವ ಮನೆ, ಈ ದಿನಗಳಲ್ಲಿ ಕೇಳಬೇಕೆ? ಕೌದಿಯನ್ನು ಕೊಡವುವಂತಿಲ್ಲ, ಬಿಸಿಲಿಗೆ ಹಾಕುವಂತಿಲ್ಲ, ಎತ್ತುವಂತೆಯೂ ಇಲ್ಲ. ಉಪವಾಸದಲ್ಲಿದ್ದ ಮೋಟಿಬಾ ಹಾಸಿಗೆಯನ್ನು ಇರುವೆಗಳಿಗೆ ಬಿಟ್ಟುಕೊಟ್ಟು ಬರಿಯ ಚಾಪೆಯ ಮೇಲೆ ಕೂತಿದ್ದರು. ನಾನು ಮನಸ್ಸಿನಲ್ಲೇ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದೆ. ಮತ್ತೆ ಬೀದಿ ಬೀದಿ ಅಲೆದು ಈರುಳ್ಳಿ ತಿನ್ನುವುದಿಲ್ಲವೆಂದು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಇದೆಲ್ಲ ಹೆಂಗಸರ ಕೆಲಸ, ನನಗೆ ಗೊತ್ತೇ ಇರಲಿಲ್ಲ ಎಂಬ ವಾಕ್ಯವನ್ನು ಹಿಂದಿಯಲ್ಲಿ ಜೋಡಿಸಿಕೊಂಡೆ.

"ಒಳಗೆ ಏನೋ ಸಿಹಿ ಇಟ್ಟ ಹಾಗಿದೆ. ಬೇಕೆಂದೇ ಇಟ್ಟದ್ದೋ ಎಂದು ಮೋಟಿಬಾ ಕೇಳುತ್ತಿದ್ದಾರೆ," ಎಂದರು ಕಾಂತಿಭಾಯಿ.

"ಹೌದು, ಅದು..." ಎಂದೆ.

ಮೋಟಿಬಾ ಎರಡೂ ಕೈ ಜೋಡಿಸಿದರು. ಅವರ ಕಣ್ಣು ತುಂಬಿತ್ತು. ಮಗ ಅನುವಾದಿಸಿದರು: "ನಾವು ಇರುವೆ ಗೂಡಿನ ಬಾಯಿಗೆ ಹಿಟ್ಟು, ಸಕ್ಕರೆ ಹಾಕಿ ಪುಣ್ಯ ಕಟ್ಟಿಕೊಳ್ಳುತ್ತೇವೆ. ಇವರ ದೇಶದಲ್ಲಿ ಹೊದಿಕೆಯೊಳಗೇ ಇರುವೆಗೆ ಊಟ ಇಟ್ಟು ಹೊಲಿಯುತ್ತಾರೆ. ಇಂಥ ಜೀವದಯೆ ನಾನು ಕಂಡಿಲ್ಲ. ಇದು ಯಾರ ಯೋಚನೆ?"

ನಾನು ತಬ್ಬಿಬ್ಬಾದೆ. ಮನೆ ಉಳಿಯಿತೆಂಬ ಸಮಾಧಾನಕ್ಕೋ, ಯಾರೂ ನನ್ನನ್ನು ಆವರೆಗೆ ಕೈ ಜೋಡಿಸಿ ನೋಡಿರಲಿಲ್ಲವೆಂಬುದಕ್ಕೋ, ಜೋಡಿಸಿಟ್ಟುಕೊಂಡ ವಾಕ್ಯ ಬಾಯಲ್ಲೇ ಮಗುಚಿಕೊಂಡಿತು. "ನಾನೇ ಹೇಳಿದೆ," ಎಂದುಬಿಟ್ಟೆ. "ಹೋಳಿಗೆಯನ್ನೇ ಇಡು, ತುಪ್ಪ ಹಚ್ಚಿ ಇಡು ಎಂದೆ."

ಮೋಟಿಬಾ ಮಗನಿಗೆ ಏನೋ ಅಪ್ಪಣೆ ಮಾಡಿದರು. ನನಗೂ ಒಂದು ಚಾಪೆ ಬಂತು. "ಇಂಥ ಧರ್ಮಾತ್ಮ ಇವತ್ತು ನನ್ನ ಜೊತೆ ಉಪವಾಸ ಕೂರಬೇಕು ಎನ್ನುತ್ತಿದ್ದಾರೆ. ಊಟವಿಲ್ಲ, ಚಹಾ ಇಲ್ಲ, ಕಾಸಿ ಆರಿಸಿದ ನೀರು ಮಾತ್ರ. ಅದೂ ಸೂರ್ಯ ಮುಳುಗುವವರೆಗೆ," ಎಂದರು ಕಾಂತಿಭಾಯಿ. ಈಗ ಅವರ ಮುಖದಲ್ಲಿ ನಗುವಿತ್ತು.

ಆಗ ಸರೋಜಾ ಮೆಟ್ಟಿಲ ಮೇಲೆ ಕಾಣಿಸಿಕೊಂಡಳು. ಎಷ್ಟು ಹೊತ್ತಿನಿಂದ ನಿಂತು ಕೇಳಿಸಿಕೊಂಡಿದ್ದಳೋ ತಿಳಿಯದು. ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಗಾಬರಿ ಹುಟ್ಟಿಸಿತು. "ಕೂಡ್ರಿ, ಚಂದಾಗಿ ಉಪಾಸ ಮಾಡ್ರಿ," ಎಂದಳು. "ಯೋಚನಿ ನಿಮ್ದs ಅಂದಮ್ಯಾಲೆ ಪುಣ್ಯಾನೂ ನಿಮಗs ಬರಬೇಕಲ್ಲ. ಮ್ಯಾಲೆ ಉಳದ ಹೋಳಗಿ ನಾವು ಮೂರೂ ಮಂದಿ ಮುಗಸ್ತೀವಿ."

ಮಧ್ಯಾಹ್ನದ ಹೊತ್ತಿಗೆ ಮಹಡಿಯಿಂದ ಕಾಯಿಸಿದ ತುಪ್ಪದ ವಾಸನೆ ಇಳಿದು ಬಂತು, ಅದರ ಹಿಂದೆಯೇ ನಗು. ಮೋಟಿಬಾ ನನ್ನ ಲೋಟಕ್ಕೆ ತಾವೇ ನೀರು ಬಗ್ಗಿಸಿ, ಹೇಗಿದೆ ಎಂಬಂತೆ ನೋಡಿದರು. ಕಾದು ಆರಿದ ಆ ನೀರು ಹೇಗಿತ್ತೆಂದು ನಾನು ಹೇಳಲಿಲ್ಲ. ಧರ್ಮಾತ್ಮರು ಅಂಥದ್ದನ್ನೆಲ್ಲ ಹೇಳಿಕೊಳ್ಳುವುದಿಲ್ಲ.