ಗಾಜಿನ ತಟ್ಟೆಯ ಒಳರೋಗಿ

ಒಬ್ಬನೇ ಮನುಷ್ಯ ಏಕಕಾಲಕ್ಕೆ ಒಳರೋಗಿಯೂ ಸಂದರ್ಶಕನೂ ಆಗಿರಬಹುದೆಂಬುದನ್ನು ಸ್ನಾಯುಕ್ಷಯ ಚಿಕಿತ್ಸಾ ಕೇಂದ್ರವು ನಿಯಮಾನುಸಾರ ಸಾಬೀತುಪಡಿಸಿದೆ. ಆ ಮನುಷ್ಯ ನಮ್ಮಣ್ಣ.

ಅಣ್ಣ ದರ್ಜಿ. ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಕಾಯಿಲೆ ಅವನ ಸ್ನಾಯುಗಳನ್ನು ವರ್ಷವರ್ಷವೂ ಸವೆಸುತ್ತಾ ಬಂದು, ಹೊಲಿಗೆ ಯಂತ್ರದ ಪೆಡಲ್ ತುಳಿಯಲು ಕಾಲು ಒಪ್ಪದಂತಾಯಿತು. ಕಾಲಾಡದೆ ಅಂಗಡಿ ನಡೆಯುವಂತಿಲ್ಲ. ಸ್ನಾಯು ಹರಿದಾಗ ರಿಪೇರಿ ಮಾಡುವ ಕಾಂಡಕೋಶಗಳು ಅವನ ತೊಡೆಯಲ್ಲೂ ಇದ್ದವು. ದುಡಿದೂ ದುಡಿದೂ ಸುಸ್ತಾಗಿದ್ದವು. ಚಿಟಿಕೆಯಷ್ಟು ತೆಗೆದು, ದೋಷ ತಿದ್ದಿ, ಗಾಜಿನ ತಟ್ಟೆಯಲ್ಲಿ ಬೆಳೆಸಿ, ಮತ್ತೆ ತೊಡೆಗೇ ಚುಚ್ಚುವುದೆಂದು ಕೇಂದ್ರ ತೀರ್ಮಾನಿಸಿತು.

ತಟ್ಟೆಯಲ್ಲಿ ಕೋಶಗಳು ಸೊಂಪಾಗಿ ಬೆಳೆದವು. ಒಂದಕ್ಕೊಂದು ಕೂಡಿ ಎಳೆಯಾದವು. ಒಂದು ಮಧ್ಯಾಹ್ನ ತಮ್ಮಷ್ಟಕ್ಕೆ ತಾವೇ ಮಿಡುಕಿದವು. ಕೇಂದ್ರದ ನಿರ್ದೇಶಕರು ಕಣ್ಣೊರೆಸಿಕೊಂಡರು. ಅಂದೇ ಪ್ರಕಟಣೆ ಹೊರಬಿತ್ತು: "ತಟ್ಟೆಯೊಳಗಿರುವವರನ್ನು ಒಳರೋಗಿಯೆಂದೂ, ಹೊರಗಿರುವವರನ್ನು ಸಂದರ್ಶಕರೆಂದೂ ಪರಿಗಣಿಸತಕ್ಕದ್ದು. ಸಂದರ್ಶಕರು ಒಳರೋಗಿಯ ಮೇಲೆ ಕೆಮ್ಮತಕ್ಕದ್ದಲ್ಲ."

ಅಣ್ಣನ ಹಾಸಿಗೆಯನ್ನು ತಟ್ಟೆಗೆ ಕೊಟ್ಟರು. ದಿಂಬು ಸಮೇತ.

ಚುಚ್ಚುವುದು ಯಾವತ್ತು ಎಂದು ಕೇಳಲು ಅಣ್ಣ ಗೋಡೆ ಹಿಡಿದುಕೊಂಡು ಹೋದ. ಹೆಣ್ಣು ಕೇಳಲು ಬಂದವನನ್ನು ನೋಡುವ ಹಾಗೆ ನಿರ್ದೇಶಕರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೋಡಪ್ಪಾ, ಇವನ್ನ ಮುದ್ದಾಗಿ ಸಾಕಿದೀವಿ. ನಿನ್ನ ಕಾಲು ಹೇಗಿದೆ?"

"ಸವೆದಿದೆ ಸಾರ್. ಅದಕ್ಕೇ ಅಲ್ವಾ ಬಂದಿರೋದು."

"ಅಂಥ ಕಡೆಗೆ ಹೇಗೆ ಕಳಿಸೋದು ಹೇಳು? ಮೊದಲಿದ್ದವನ್ನ ದುಡಿಸಿ ದುಡಿಸಿ ಹಣ್ಣು ಮಾಡಿದೀಯ. ಕಾಲು ಸ್ವಲ್ಪ ಗಟ್ಟಿ ಮಾಡ್ಕೊಂಡು ಬಾ, ಮಾತಾಡೋಣ."

"ಕಾಲು ಗಟ್ಟಿಯಾದ್ರೆ ಇವು ಯಾಕೆ ಸಾರ್ ಬೇಕು?"

"ಅದನ್ನೇ ನಾನೂ ಹೇಳ್ತಿರೋದು," ಎಂದರು ನಿರ್ದೇಶಕರು, ಅಣ್ಣನ ತಿಳುವಳಿಕೆಯನ್ನು ಮೆಚ್ಚಿ.

ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಹೋದಳು. ನರ್ಸಮ್ಮ ಬಾಯಿಗೆ ಬೆರಳಿಟ್ಟು, "ಮೆತ್ತಗೆ ಕಣಮ್ಮ, ನಿಮ್ಮ ಯಜಮಾನ್ರು ಈಗ ತಾನೇ ಮಲಗಿದಾರೆ" ಎಂದು ತಟ್ಟೆ ತೋರಿಸಿದಳು. ಅತ್ತಿಗೆ ಬಗ್ಗಿ ನೋಡಿದಳು. "ಮನೇಲಿರೋರಿಗಿಂತ ಇವರೇ ಚುರುಕಾಗಿದಾರೆ" ಎಂದು ಒಪ್ಪಿಕೊಂಡು, ಹೊದಿಕೆ ಸರಿಮಾಡಿ ಬಂದಳು.

ಈಗ ಅಂಗಡಿಯಲ್ಲಿ ಅಣ್ಣ ಬಟ್ಟೆ ಹಿಡಿಯುತ್ತಾನೆ, ಅತ್ತಿಗೆ ಮೇಜಿನ ಕೆಳಗೆ ಕೂತು ಪೆಡಲನ್ನು ಕೈಯಿಂದ ಒತ್ತುತ್ತಾಳೆ. ಮೊನ್ನೆ ಗಿರಾಕಿಯೊಬ್ಬರು ವಿಚಾರಿಸಿದರು.

"ಕಾಲು ಹೇಗಿದೆ ಮಾರಾಯ?"

"ಪೂರ್ತಿ ವಾಸಿಯಾಗಿದೆ. ಆಸ್ಪತ್ರೇಲಿದೆ."

"ಮತ್ತೆ ನೀನು?"

"ನನಗೂ ಭಾನುವಾರ ನೋಡೋಕೆ ಬಿಡ್ತಾರೆ."

"ಸದ್ಯ, ಅಷ್ಟಾದ್ರೂ ಇದೆಯಲ್ಲ," ಎಂದು ಗಿರಾಕಿ ಅಂಗಿಯ ಅಳತೆ ಕೊಡಲು ಕೈಚಾಚಿ ನಿಂತರು.