ಕೊನೆಯ ಹದಿನಾರು ಪುಟ

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹಳೆಯ ರಟ್ಟುಗಳ ಕಟ್ಟನ್ನು ಎತ್ತಿದಾಗ, ಅದರಡಿಯಿಂದ ಒಟ್ಟಿಗೆ ಮಡಚಿದ ಹದಿನಾರು ಪುಟಗಳ ಒಂದು ಫಾರಂ ಜಾರಿ ರಟ್ಟಣ್ಣನ ಕಾಲ ಮೇಲೆ ಬಿತ್ತು. ಪುಟದ ನೆತ್ತಿಯಲ್ಲಿದ್ದ ಕಾದಂಬರಿಯ ಹೆಸರು ಕಣ್ಣಿಗೆ ಬಿದ್ದದ್ದೇ ತಡ, ಅವನು ಬಾಗಿಲು ಮುಚ್ಚಿ ಅಗುಳಿ ಹಾಕಿದ.

ರಟ್ಟಣ್ಣ ಅಲ್ಲಿಯ ಬೈಂಡರ್. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಈಗ ಅದು ಅವನ ಹೆಂಡತಿಗೂ ಥಟ್ಟನೆ ನೆನಪಾಗುವುದಿಲ್ಲ. ಎರಡು ವರ್ಷದ ಹಿಂದೆ ಬೆನ್ನು ಮುರಿದುಕೊಂಡು ಬಂದಿದ್ದ ಒಂದು ದಪ್ಪ ಕಾದಂಬರಿಯನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕಿ ಕೊಟ್ಟಿದ್ದ. ಕೊನೆಯ ಫಾರಂ ಮಾತ್ರ ಮರೆತು ಹೊಲಿಯದೆ ಬಿಟ್ಟುಬಿಟ್ಟಿದ್ದ. ಗ್ರಂಥಾಲಯದಲ್ಲಿ ಅದೊಂದೇ ಪ್ರತಿ. ಇಪ್ಪತ್ತು ವರ್ಷದ ಮೇಲೆ ಮನೆಗೆ ಮರಳಿದ ನಾಯಕ ಬಾಗಿಲು ತಟ್ಟಲೆಂದು ಕೈ ಎತ್ತುತ್ತಾನೆ. ಅಲ್ಲಿಗೆ ಪುಟ ಮುಗಿಯುತ್ತಿತ್ತು, ಪುಸ್ತಕವೂ ಮುಗಿಯುತ್ತಿತ್ತು.

ಮುಗಿಯದೆ ಉಳಿದದ್ದು ಜಗಳ. ಓದುಗರ ಬಳಗ ಈ ಕಾದಂಬರಿಯಿಂದಾಗಿ ಎರಡು ಹೋಳಾಗಿತ್ತು. ಆ ಎತ್ತಿದ ಕೈಯಂಥ ಕೊನೆಯನ್ನು ಬರೆದವರೇ ಇಲ್ಲ ಎಂದು ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಮತ್ತು ಗ್ರಂಥಪಾಲಕಿ ಒಂದು ಕಡೆ. ಈ ಪಾಟಿ ಹೊಗಳಿಸಿಕೊಳ್ಳುವ ಯೋಗ್ಯತೆ ಅದಕ್ಕಿಲ್ಲ, ಮುಗಿಸುವುದು ಹೇಗೆಂದು ತಿಳಿಯದೆ ಬರೆದವನು ಎದ್ದು ಹೋಗಿದ್ದಾನೆ ಎಂದು ಟೈಲರ್ ಮತ್ತು ರಟ್ಟಣ್ಣನ ಹೆಂಡತಿ ಇನ್ನೊಂದು ಕಡೆ. ಇವತ್ತು ಸಂಜೆ ಐದಕ್ಕೆ ಮತ್ತೆ ಅದೇ ಚರ್ಚೆ. ಆಮೇಲೆ ಬೈಂಡಿಂಗ್ ಕೆಲಸವನ್ನು ಮುಂದಿನ ವರ್ಷವೂ ರಟ್ಟಣ್ಣನಿಗೇ ಕೊಡುವುದೋ, ಯಂತ್ರ ತರಿಸಿರುವ ಪ್ರೆಸ್ಸಿಗೆ ಕೊಡುವುದೋ ಎಂಬ ತೀರ್ಮಾನ. ತನ್ನ ಎಡವಟ್ಟು ಹೊರಬಿದ್ದರೆ ಈ ಕೋಣೆಯ ಬೀಗದ ಕೈ ನಾಳೆಯೇ ಬೇರೆಯವರ ಸೊಂಟದಲ್ಲಿರುತ್ತದೆ ಎಂದು ಅವನಿಗೆ ಖಾತ್ರಿಯಾಯಿತು. ಐದರೊಳಗೆ ಪುಸ್ತಕ ಹಿಡಿದು, ಫಾರಂ ಅಂಟಿಸಿ, ಏನೂ ಅರಿಯದವನಂತೆ ಕೂತುಬಿಟ್ಟರಾಯಿತು. ಕೊನೆಯ ಸಾಲು ಎಲ್ಲರಿಗೂ ಬಾಯಿಪಾಠ, ತೆರೆದು ಯಾರು ನೋಡುತ್ತಾರೆ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡ.

ಪುಸ್ತಕ ಟೈಲರ್ ಹತ್ತಿರ ಇದೆ ಎಂದಿತು ಗ್ರಂಥಪಾಲಕಿಯ ರಿಜಿಸ್ಟರು. ಫಾರಂ ಅಂಗಿಯೊಳಗೆ ತುರುಕಿಕೊಂಡು ಓಡಿಹೋದರೆ ಅಂಗಡಿಯಲ್ಲಿ ಟೈಲರ್ ಜೊತೆ ತನ್ನ ಹೆಂಡತಿಯೂ ಕೂತಿದ್ದಳು. ಸಂಜೆ ಯಾರು ಮೊದಲು ಬಾಯಿ ತೆರೆಯಬೇಕು, ಮೇಷ್ಟ್ರನ್ನು ಎಲ್ಲಿ ತಡೆಯಬೇಕು ಎಂದು ಇಬ್ಬರೂ ಲೆಕ್ಕ ಹಾಕುತ್ತಿದ್ದರು. ಪುಸ್ತಕದ ರಟ್ಟು ಸಡಿಲವಾಗಿದೆಯಂತೆ, ಸರಿ ಮಾಡಬೇಕು ಎಂದ ರಟ್ಟಣ್ಣ. ಟೈಲರ್ ಮುಖ ಗಂಟು ಹಾಕಿಕೊಂಡ. ತಾನು ಬಟ್ಟೆಯನ್ನಾಗಲಿ ಪುಸ್ತಕವನ್ನಾಗಲಿ ಒರಟಾಗಿ ಹಿಡಿದವನಲ್ಲ ಎಂದು ಶುರು ಮಾಡಿ, ಒಂದು ಅಂಗಿಗೆ ಗುಂಡಿ ಹಾಕಿ ಮುಗಿಯುವವರೆಗೂ ಕಾದಂಬರಿಯನ್ನು ಬೈದ. "ಒಂದು ತೋಳು ಹೊಲಿದು ಇನ್ನೊಂದು ನೀವೇ ಊಹಿಸ್ಕೊಳ್ಳಿ ಅಂದ್ರೆ ನನ್ನ ಗಿರಾಕಿ ಸುಮ್ನಿರ್ತಾನಾ ಅಣ್ಣ?" ಎಂದು ಕೇಳಿದ. ಕೊನೆಗೆ ತಿಳಿದದ್ದು, ಪುಸ್ತಕವನ್ನು ನಿನ್ನೆಯೇ ಮೇಷ್ಟ್ರು ತರಿಸಿಕೊಂಡಿದ್ದಾರೆ ಎಂದು. ಇಷ್ಟಕ್ಕೆ ಇಷ್ಟು ಹೊತ್ತು ಬೇಕಿತ್ತೇ ಎಂದು ರಟ್ಟಣ್ಣ ಹಲ್ಲು ಕಚ್ಚಿದ. ಈ ಬಿಸಿಲಲ್ಲಿ ಇದೇನು ಅವಸರ ಎಂದು ಹೆಂಡತಿ ಹುಬ್ಬೇರಿಸುವಷ್ಟರಲ್ಲಿ ಅವನು ಬೀದಿಯ ತಿರುವಿನಲ್ಲಿದ್ದ.

ಮೇಷ್ಟ್ರು ಪುಸ್ತಕ ಕೊಡಲು ಒಪ್ಪಿದರು, ಆದರೆ ಒಂದು ಷರತ್ತು. ಎತ್ತಿದ ಕೈಯ ಕುರಿತು ತಾವು ಬರೆದ ನಲವತ್ತು ಪುಟದ ಪ್ರಬಂಧವನ್ನು ಅವನು ಕೂತು ಕೇಳಬೇಕು. ಕೈ ಎತ್ತಿದ್ದು ಆಸೆ, ತಟ್ಟದೆ ನಿಂತದ್ದು ವೈರಾಗ್ಯ, ಆಮೇಲಿನ ಖಾಲಿ ಜಾಗ ಮನುಷ್ಯನ ಬಾಳು ಎಂದು ಅವರು ಓದುತ್ತಾ ಹೋದರು. ಆ ಖಾಲಿ ಜಾಗ ತನ್ನ ಅಂಗಿಯೊಳಗೆ ಮಡಚಿಕೊಂಡು ಕೂತಿದೆಯಲ್ಲ ಎಂದು ರಟ್ಟಣ್ಣನಿಗೆ ಬೆವರು ಕಿತ್ತುಕೊಂಡು ಬಂತು. ಮೇಷ್ಟ್ರು ಅದನ್ನು ಭಾವಾವೇಶ ಎಂದುಕೊಂಡು, ಇಪ್ಪತ್ತನೆಯ ಪುಟವನ್ನು ಇನ್ನೊಮ್ಮೆ ಓದಿದರು.

ಪುಸ್ತಕ ಕೈಗೆ ಬಂದಾಗ ನಾಲ್ಕೂವರೆ. ಹೊಲಿಯಲು ಹೊತ್ತೆಲ್ಲಿದೆ? ಬೆನ್ನಿಗೆ ಗೋಂದು ಮೆತ್ತಿ, ಪುಟಸಂಖ್ಯೆ ಹೊಂದಿಸಿ ಫಾರಂ ಕೂರಿಸಿ, ಒತ್ತುಹಲಗೆಯಡಿ ಇಟ್ಟು, ಮೇಲೆ ತಾನೂ ಕೂತ. ಐದಕ್ಕೆ ಗ್ರಂಥಪಾಲಕಿ ಬಂದು ಕಿತ್ತುಕೊಂಡು ಹೋದಾಗ ಗೋಂದು ಇನ್ನೂ ಹಸಿಯಾಗಿತ್ತು.

ಮೇಷ್ಟ್ರು ಪ್ರಬಂಧಕ್ಕೆ ಮುಂಚೆ ಕೊನೆಯ ಸಾಲನ್ನು ಪುಸ್ತಕದಿಂದಲೇ ಓದುತ್ತೇನೆ ಎಂದರು. ಕನ್ನಡಕ ಸರಿಮಾಡಿಕೊಂಡು, ದನಿ ನಡುಗಿಸಿ, ನಾಯಕ ಕೈ ಎತ್ತಿದ ಎಂದು ಓದಿ ಪುಸ್ತಕ ಮುಚ್ಚಲು ಹೋದರು. ಬೆರಳು ಗೋಂದಿಗೆ ಅಂಟಿಕೊಂಡಿತು. ಕಿತ್ತಾಗ ಮುಂದಿನ ಪುಟ ತೆರೆದುಕೊಂಡಿತು, ಅದರ ತುಂಬಾ ಅಕ್ಷರ. ಎಲ್ಲರೂ ಒಟ್ಟಿಗೆ ರಟ್ಟಣ್ಣನ ಕಡೆ ತಿರುಗಿದರು.

ಇನ್ನು ಮುಚ್ಚಿಡುವುದೇನು ಬಂತು? ಅವನು ಎದ್ದು ನಿಂತು, ನಡೆದದ್ದನ್ನು ನಡೆದ ಹಾಗೆಯೇ ಹೇಳಿಬಿಟ್ಟ. "ಅದು ಬರೆದೋರ ಕೊನೆ ಅಲ್ಲ, ನನ್ನ ಎಡವಟ್ಟು. ನಿಜವಾದ ಕೊನೆ ಈಗ ಅಂಟಿಸಿದೀನಿ, ಓದ್ಕೊಳ್ಳಿ," ಎಂದ.

ಯಾರೂ ಪುಸ್ತಕ ಮುಟ್ಟಲಿಲ್ಲ. ಓದಿಯೇ ಬಿಡೋಣ ಎಂದು ಟೈಲರ್ ಬಾಯಿ ತೆರೆದವನು, ಒಂದು ವೇಳೆ ಕತೆ ಚೆಂದವಾಗಿ ಮುಗಿದಿದ್ದರೆ ತನ್ನ ಎರಡು ವರ್ಷದ ಬೈಗುಳ ಏನಾಗಬೇಕು ಎಂದು ಯೋಚಿಸಿ ಬಾಯಿ ಮುಚ್ಚಿದ. ಮೇಷ್ಟ್ರು ತಮ್ಮ ನಲವತ್ತು ಪುಟವನ್ನು ಎದೆಗೆ ಒತ್ತಿಕೊಂಡರು. ಸುಮ್ಮನೆ ಹಳೆಯದನ್ನೆಲ್ಲ ಯಾಕೆ ಕೆದಕಬೇಕು ಎಂದು ರಟ್ಟಣ್ಣನ ಹೆಂಡತಿಯೇ ಮೊದಲು ಅಂದಳು. ಗ್ರಂಥಪಾಲಕಿ ಹೌದೆಂದು ತಲೆಯಾಡಿಸಿದಳು. ಬಳಗ ಹುಟ್ಟಿದಂದಿನಿಂದ ಒಮ್ಮತದಲ್ಲಿ ಆದ ಮೊದಲ ತೀರ್ಮಾನ ಅದು: ಆ ಹದಿನಾರು ಪುಟ ಕೂಡಲೇ ಕೀಳಬೇಕು, ಯಾರ ಕಣ್ಣಿಗೂ ಬೀಳಬಾರದು. ಹಾಗೆ ನಡೆದುಕೊಂಡರೆ ಕೆಲಸ ಮುಂದಿನ ವರ್ಷವೂ ರಟ್ಟಣ್ಣನದೇ.

ರಟ್ಟಣ್ಣನಿಗೆ ಹೋದ ಜೀವ ಬಂದಂತಾಯಿತು. ಹಿಂದಿನ ಕೋಣೆಗೆ ಬಂದು ಫಾರಂ ಕಿತ್ತು ಮೇಜಿನ ಮೇಲಿಟ್ಟ. ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಮೇಷ್ಟ್ರು.

"ಅದನ್ನ ನನ್ ಕೈಗೆ ಕೊಡು. ಭದ್ರವಾಗಿರ್ಲಿ ಅಂತ ಅಷ್ಟೇ," ಎಂದರು. "ನಾನು ತಗೊಂಡೆ ಅಂತ ಪಿಟ್ಟೆಂದ್ರೂ, ಕೆಲ್ಸ ಪ್ರೆಸ್ಸಿಗೆ ಹೋಗುತ್ತೆ." ಕೋಟಿನೊಳಗೆ ತೂರಿಸಿಕೊಂಡು ಹೊರಟವರ ನಡಿಗೆಯಲ್ಲಿ ವಯಸ್ಸೇ ಕಾಣಲಿಲ್ಲ.

ಅವರು ಗೇಟು ದಾಟುತ್ತಲೇ ಟೈಲರ್ ಬಂದು, ಸುಮ್ಮನೆ ಒಂದು ಸಲ ನೋಡಿ ಕೊಡುತ್ತೇನೆ ಎಂದ. ಹರಿದು ಹಾಕಿದೆ ಎಂದ ರಟ್ಟಣ್ಣ. ಪುಸ್ತಕ ಹರಿಯುವವನೂ ಒಬ್ಬ ಬೈಂಡರಾ ಎಂದು ಟೈಲರ್ ಮುಖ ತಿರುಗಿಸಿಕೊಂಡು ಹೋದ. ಆಮೇಲೆ ಅದನ್ನೇ ಕೇಳಿಕೊಂಡು ಬಂದ ಗ್ರಂಥಪಾಲಕಿ, ಹರಿದದ್ದು ಕೇಳಿ ಬೈಯಲಿಲ್ಲ; ಕಣ್ಣಲ್ಲಿ ನೀರು ತಂದುಕೊಂಡಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಏನಾದರೂ ಆಗಲಿ, ಕೆಲಸ ಉಳಿಯಿತಲ್ಲ ಎಂದು ಹಗುರಾಗಿ ಮನೆಗೆ ಬಂದರೆ, ಹೆಂಡತಿ ತಟ್ಟೆ ಹಾಕಿ ಎದುರಿಗೇ ಕೂತಿದ್ದಳು.

"ರೀ, ಎಲ್ಲಿಟ್ಟಿದೀರಿ ಅದನ್ನ?"

ಹರಿದು ಹಾಕಿದೆ ಎಂದು ಅವಳಿಗೂ ಹೇಳಿದ. ಅವಳು ತಟ್ಟೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. ಆ ಮನುಷ್ಯ ಬಾಗಿಲು ತಟ್ಟಿದನೋ ಇಲ್ಲವೋ ಎಂದು ಎರಡು ವರ್ಷದಿಂದ ತನಗೆ ನೆಮ್ಮದಿಯಿಲ್ಲ ಎಂದಳು. ರಟ್ಟಣ್ಣನಿಗೆ ನಿಜವಾಗಿ ಸಂಕಟವಾಯಿತು.

"ಹೋಗ್ಲಿ, ಅಂಟಿಸೋವಾಗ ನೀವಾದ್ರೂ ಒಂಚೂರು ಕಣ್ಣಾಡಿಸಿರ್ತೀರಲ್ಲ," ಎಂದು ಅವಳು ಹತ್ತಿರ ಸರಿದಳು. "ಕೊಟ್ಟಕೊನೇಲಿ ಏನಿತ್ತು? ಅಷ್ಟು ಹೇಳಿ ಸಾಕು."

ರಟ್ಟಣ್ಣ ಕಣ್ಣು ಮುಚ್ಚಿ, ಮನಸ್ಸಿಟ್ಟು ನೆನಪು ಮಾಡಿಕೊಂಡ.

"ನಾನೂರ ತೊಂಬತ್ತಾರು," ಎಂದ.